ಬನವಾಸಿ ನಾಡಿನ ಶಾಸನಗಳೂ ಮತಸಂಸ್ಥಾಪಕರ ಐತಿಹಾಸಿಕತೆಯೂ

ಸೊರಬ ತಾಲ್ಲೂಕಿನಲ್ಲಿ ಆನವಟ್ಟಿಗೆ ಸಮೀಪವಾಗಿರುವ ಕುಬಟೂರು ಇಂದು ಒಂದು ಸಾಮಾನ್ಯ ಗ್ರಾಮ. ಶಾಸನಗಳಲ್ಲಿ ಇದರ ಹೆಸರು ಕುಪ್ಪಟೂರು. ಬನವಾಸಿ ಪನ್ನಿರ್ಚ್ಛಾಸಿರ ನಾಡಿನಲ್ಲಿ ಇದು ಹೆಸರಾಂತ ಅಗ್ರಹಾರವಾಗಿದ್ದಿತು. ಜನರ ಹೇಳಿಕೆಯಲ್ಲಾದರೋ ಇದು ಚಂದ್ರಹಾಸನು ಆಳಿದ ಕುಂತಳನಗರ. ಜೈಮಿನಿ ಭಾರತವನ್ನು ಓದಿದವರಿಗೆಲ್ಲ ಪರಿಚಿತನಾದ ಆ ರಾಜಕುಮಾರನ ಐತಿಹ್ಯವನ್ನು ರೈಸ್ ಮಹಾಶಯರೂ ಈ ಊರಿನೊಂದಿಗೆ ಸೇರಿಸಿ ದಾಖಲಿಸಿದ್ದಾರೆ. ಆದರೆ ಕುಬಟೂರಿನ ಕಲ್ಬರಹಗಳಲ್ಲಿ ನಮಗೆ ಎದುರಾಗುವವರು ಕದಂಬ ಕೀರ್ತಿದೇವ, ಅವನ ರಾಣಿ ಮಾಳಲದೇವಿ, ಅಗ್ರಹಾರದ ಮಹಾಜನರು, ಜೈನ ಗುರುಗಳು. ಚಂದ್ರಹಾಸನನ್ನು ಚರಿತ್ರೆಯ ಪುಟಕ್ಕೆ ತರಬೇಕೆಂದು ಯಾವ ಇತಿಹಾಸಕಾರನೂ ಹಟ ಹಿಡಿದಿಲ್ಲ. ತರದಿದ್ದುದಕ್ಕೆ ಯಾರೂ ಕೋಪಿಸಿಕೊಂಡಿಲ್ಲ. ಐತಿಹ್ಯವು ಐತಿಹ್ಯವಾಗಿಯೂ ಶಾಸನವು ಶಾಸನವಾಗಿಯೂ ಒಂದೇ ಊರಿನಲ್ಲಿ ನೆಮ್ಮದಿಯಿಂದಿವೆ.

ಅರಸನ ವಿಷಯದಲ್ಲಿ ಸಾಧ್ಯವಾದ ಈ ಸಮಾಧಾನವು ಮತಸಂಸ್ಥಾಪಕನ ವಿಷಯದಲ್ಲಿ ಸಾಧ್ಯವಾಗುವುದಿಲ್ಲ. ಅಂಥ ಮಹಾಪುರುಷನು ನಿಜವಾಗಿ ಬದುಕಿದ್ದನೆ ಎಂಬ ಪ್ರಶ್ನೆ ಹುಟ್ಟಿದೊಡನೆ ಭಕ್ತನು ಅದನ್ನು ಅಪಚಾರವೆಂದು ಎಣಿಸುತ್ತಾನೆ. ಸಂಶಯವಾದಿಯು ಪವಾಡದ ಕಥೆಗಳನ್ನೆತ್ತಿ ತೋರಿಸಿ ಇಡೀ ವ್ಯಕ್ತಿಯನ್ನೇ ಕಲ್ಪನೆಯೆಂದು ತಳ್ಳಿಹಾಕುತ್ತಾನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ವಿದ್ವಾಂಸರಾದ ಸೆನಾರ್ ಅವರು ಬುದ್ಧನ ಚರಿತೆಯನ್ನು ಸೂರ್ಯಪುರಾಣದ ರೂಪಾಂತರವೆಂದು ವಿವರಿಸಲು ಯತ್ನಿಸಿದ್ದು ಪ್ರಸಿದ್ಧವಾಗಿದೆ. 1896ರಲ್ಲಿ ನೇಪಾಳದ ತರಾಯಿಯಲ್ಲಿ ಅಶೋಕನ ಸ್ತಂಭಲೇಖವು ದೊರೆತು, ಶಾಕ್ಯಮುನಿಯು ಹುಟ್ಟಿದ ಸ್ಥಳ ಇದೆಂದು ಸಾರಿದ ಮೇಲೆ ಅಂಥ ವಾದಗಳಿಗೆ ಬಲವುಳಿಯಲಿಲ್ಲ. ಆ ಸ್ತಂಭವೂ ಬುದ್ಧನ ಕಾಲದ್ದಲ್ಲ, ಅವನಿಗೆ ಒಂದೆರಡು ಶತಮಾನ ಈಚಿನದು ಎಂಬುದನ್ನು ಇಲ್ಲಿಯೇ ಗಮನಿಸಿರಬೇಕು. ಸಂಸ್ಥಾಪಕನಿಗೂ ಅವನನ್ನು ಹೆಸರಿಸುವ ಮೊದಲ ಶಿಲೆಗೂ ನಡುವೆ ಅಂತರವಿರುವುದು ಅಪವಾದವಲ್ಲ, ರೂಢಿ.

ಈ ಪ್ರಶ್ನೆಯನ್ನು ವಿವೇಚಿಸುವುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಕುಬಟೂರಿನ ಸುತ್ತಣ ಪ್ರದೇಶದಲ್ಲಿ, ಅಂದರೆ ಹಳೆಯ ಬನವಾಸಿ ನಾಡಿನೊಳಗೆ, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿಯೂ ಹಿರೇಕೆರೂರು ತಾಲ್ಲೂಕಿನ ಅಬ್ಬಲೂರಿನಲ್ಲಿಯೂ ಇರುವ ಶಾಸನಗಳನ್ನು ಆಧರಿಸಿ ಒಬ್ಬರೇ ವಿದ್ವಾಂಸರು, ಸುಮಾರು ಒಂದೇ ಕಾಲದಲ್ಲಿ, ಎರಡು ತೀರ್ಮಾನಗಳನ್ನು ಪ್ರಕಟಿಸಿದರು. ಒಂದರಲ್ಲಿ ಅವರು ಮತಸಂಸ್ಥಾಪಕನನ್ನು ಬಳ್ಳಿಗಾವೆಯಲ್ಲಿ ಕಂಡುಹಿಡಿದರು. ಇನ್ನೊಂದರಲ್ಲಿ ಜನರು ನಂಬಿದ್ದ ಮತಾಚಾರ್ಯರನ್ನು ಪೀಠದಿಂದಿಳಿಸಿ ಬೇರೊಬ್ಬರನ್ನು ಕೂರಿಸಿದರು. ಆ ವಿದ್ವಾಂಸರು ಜೆ. ಎಫ್. ಫ್ಲೀಟ್. ಕನ್ನಡನಾಡಿನ ರಾಜವಂಶಗಳ ಚರಿತ್ರೆಗೆ ಅಡಿಗಲ್ಲು ಹಾಕಿದವರಲ್ಲಿ ಅವರು ಪ್ರಮುಖರು. ಅವರ ಎರಡು ತೀರ್ಮಾನಗಳೂ ನಿಲ್ಲಲಿಲ್ಲ. ಏಕೆ ನಿಲ್ಲಲಿಲ್ಲ ಎಂಬುದರ ವಿಚಾರವು ವಿದ್ಯಾರ್ಥಿಗಳಿಗೆ ಅವರ ಸರಿಯಾದ ತೀರ್ಮಾನಗಳಷ್ಟೇ ಉಪಯುಕ್ತವೆಂದು ಭಾವಿಸಿ ಈ ಲೇಖನವನ್ನು ಬರೆಯಲಾಗಿದೆ.

ಮೊದಲು ಬಳ್ಳಿಗಾವೆಯ ಪ್ರಸಂಗ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬಳ್ಳಿಗಾವೆಯು ಶೈವ, ವೈಷ್ಣವ, ಜೈನ, ಬೌದ್ಧ ಮತಗಳೆಲ್ಲಕ್ಕೂ ಆಶ್ರಯವಿತ್ತ ಪಟ್ಟಣ. ಶೈವರಲ್ಲಿ ಪ್ರಬಲರಾಗಿದ್ದವರು ಲಾಕುಳ ಸಿದ್ಧಾಂತವನ್ನು ಅನುಸರಿಸುತ್ತಿದ್ದ ಕಾಳಾಮುಖರು. ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠವು ಅವರದು. 1162ರಲ್ಲಿ ಕಳಚುರಿ ಬಿಜ್ಜಳನ ಕಾಲದ ಶಾಸನವೊಂದು ಆ ಮಠವನ್ನು ವರ್ಣಿಸುವಾಗ ವೇದ, ವ್ಯಾಕರಣ, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧದರ್ಶನ, ಲಾಕುಳ ಸಿದ್ಧಾಂತ, ಪುರಾಣ, ಕಾವ್ಯ, ನಾಟಕಗಳ ವ್ಯಾಸಂಗವನ್ನು ಹೆಸರಿಸಿ, ದೀನರು, ಕುರುಡರು, ಕಿವುಡರು, ರೋಗಿಗಳು, ನಾನಾ ಮತಗಳ ಸಂನ್ಯಾಸಿಗಳು ಎಲ್ಲರಿಗೂ ಅಲ್ಲಿ ಅನ್ನವೂ ಆಶ್ರಯವೂ ದೊರೆಯುತ್ತಿದ್ದುದನ್ನು ಹೇಳುತ್ತದೆ. ಇದಕ್ಕಿಂತ ಹಿಂದೆ, 1035ರಲ್ಲಿ, ಚಾಲುಕ್ಯ ಜಗದೇಕಮಲ್ಲ ಜಯಸಿಂಹನು ಅದೇ ಊರಿನ ಪಂಚಲಿಂಗ ದೇವಾಲಯಕ್ಕೆ ದತ್ತಿಯನ್ನಿತ್ತನು. ಅದನ್ನು ಸ್ವೀಕರಿಸಿದ ಆಚಾರ್ಯನ ಹೆಸರು ಲಕುಲೀಶ್ವರ ಪಂಡಿತ. ಬೌದ್ಧ, ಮೀಮಾಂಸಕ, ಲೋಕಾಯತ, ಸಾಂಖ್ಯ ಮೊದಲಾದ ಪ್ರತಿವಾದಿಗಳನ್ನೆಲ್ಲ ಮುರಿದ ಮಹಾವಾದಿಯೆಂದು ಶಾಸನವು ಅವನನ್ನು ಕೊಂಡಾಡುತ್ತದೆ.

ಪಾಶುಪತ ಶೈವದ ಮೂಲಾಚಾರ್ಯನೆಂದು ಪುರಾಣಗಳೂ ಶಾಸನಗಳೂ ಹೇಳುವವನು ಲಕುಲೀಶ, ಎಂದರೆ ದಂಡಧಾರಿಯಾದ ಶಿವಾವತಾರ. ಅವನು ಗುಜರಾತಿನ ಕಾಯಾವರೋಹಣದಲ್ಲಿ ಅವತರಿಸಿದನೆಂದೂ ಕುಶಿಕ, ಗಾರ್ಗ್ಯ, ಮೈತ್ರೇಯ, ಕೌರುಷ್ಯರೆಂಬ ನಾಲ್ವರು ಶಿಷ್ಯರು ಅವನಿಗಿದ್ದರೆಂದೂ ಸಂಪ್ರದಾಯ. ಬಳ್ಳಿಗಾವೆಯ ಪಂಡಿತನ ಹೆಸರನ್ನು ಕಂಡೊಡನೆ ಫ್ಲೀಟರಿಗೆ ಈ ಲಕುಲೀಶನ ನೆನಪಾದುದು ಸಹಜ. ತಮಿಳುನಾಡಿನ ಮೇಲ್ಪಾಡಿಯಲ್ಲಿ ರಾಜೇಂದ್ರ ಚೋಳನ ಕಾಲದ, ಸುಮಾರು 1020ರ ಶಾಸನವೊಂದರಲ್ಲಿಯೂ ಒಬ್ಬ ಲಕುಲೀಶ್ವರ ಪಂಡಿತನು ಮಠಾಧಿಪತಿಯಾಗಿ ಕಾಣಿಸಿಕೊಳ್ಳುತ್ತಾನೆ. ಇಬ್ಬರೂ ಒಬ್ಬನೇ; ಅವನು ಮೇಲ್ಪಾಡಿಯಿಂದ ಬಳ್ಳಿಗಾವೆಗೆ ಬಂದನು; ಲಕುಲೀಶ ಪಾಶುಪತ ಪಂಥವನ್ನು ಸ್ಥಾಪಿಸಿದವನೂ ಅವನೇ ಎಂದು ಫ್ಲೀಟರು ಊಹಿಸಿದರು. ಪುರಾಣದ ಮಂಜಿನಲ್ಲಿ ಮರೆಯಾಗಿದ್ದ ಸಂಸ್ಥಾಪಕನಿಗೆ ಹೀಗೆ ಕಾಲ, ಊರು, ರಾಜಾಶ್ರಯ ಎಲ್ಲವೂ ದೊರೆತಂತಾಯಿತು. ಬಳ್ಳಿಗಾವೆಗೆ ಅದಕ್ಕಿಂತ ಹೆಚ್ಚಿನ ಗೌರವ ಬೇಕೆ?

ಆದರೆ ಈ ಊಹೆಯು ಹೆಸರಿನ ಸಾಮ್ಯವೊಂದನ್ನೇ ನಂಬಿ ನಿಂತಿತ್ತು. ಶೈವಾಚಾರ್ಯರಲ್ಲಿ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ದೀಕ್ಷೆಯ ವೇಳೆಯಲ್ಲಿ ಪಡೆದ ಸೋಮೇಶ್ವರ, ವಾಮಶಕ್ತಿ, ಕ್ರಿಯಾಶಕ್ತಿ ಮೊದಲಾದ ಹೆಸರುಗಳು ಒಂದೇ ಮಠದಲ್ಲಿಯೂ ಬೇರೆ ಬೇರೆ ಮಠಗಳಲ್ಲಿಯೂ ಪುನರಾವೃತ್ತವಾಗುವುದನ್ನು ಈ ಶಾಸನಗಳನ್ನು ಓದಿದವರೆಲ್ಲ ಬಲ್ಲರು. ಕೃಷ್ಣನೆಂಬ ಹೆಸರಿನವನನ್ನು ಕಂಡಲ್ಲೆಲ್ಲ ನಾವು ಗೀತಾಚಾರ್ಯನನ್ನು ಕಾಣುವುದಿಲ್ಲವಷ್ಟೆ. ಪಂಥದ ಸ್ಥಾಪಕನ ಹೆಸರನ್ನು ಆ ಪಂಥದ ಯತಿಯೊಬ್ಬನು ಧರಿಸಿದ್ದನೆಂದರೆ ಸ್ಥಾಪಕನು ಅವನಿಗಿಂತ ಹಿಂದಿನವನೆಂದು ಊಹಿಸುವುದೇ ನ್ಯಾಯ. ಮೇಲಾಗಿ ಲಾಕುಳ ಸಿದ್ಧಾಂತವು 1035ರಲ್ಲಿ ಹೊಸದಾಗಿ ಹುಟ್ಟಿದ್ದಾದರೆ ಶಾಸನಕವಿಯು ಆ ಮಹತ್ತ್ವದ ಸಂಗತಿಯನ್ನು ಹೇಳದೆ ಬಿಡುತ್ತಿರಲಿಲ್ಲ. ಪ್ರತಿವಾದಿಗಳ ಹೆಸರುಗಳನ್ನೆಲ್ಲ ಪಟ್ಟಿ ಮಾಡಿ ಹೊಗಳುವ ಕವಿಗೆ ‘ಇವನು ಹೊಸ ದರ್ಶನವೊಂದನ್ನು ಪ್ರವರ್ತಿಸಿದನು’ ಎಂಬ ಒಂದು ವಿಶೇಷಣ ಸಾಲದೆ ಹೋಯಿತೆ? ಅದೇ ಶಾಸನವು ಪಂಚಲಿಂಗಗಳನ್ನು ಪಾಂಡವರು ಪ್ರತಿಷ್ಠೆ ಮಾಡಿದರೆಂದೂ ಹೇಳುತ್ತದೆ. ಆ ಮಾತನ್ನು ಫ್ಲೀಟರೂ ಚರಿತ್ರೆಯೆಂದು ಸ್ವೀಕರಿಸಲಿಲ್ಲ, ನಾವೂ ಸ್ವೀಕರಿಸುವುದಿಲ್ಲ. ಒಂದು ಕಲ್ಲಿನಲ್ಲಿ ಒಂದು ಮಾತನ್ನು ನಂಬಿ ಇನ್ನೊಂದನ್ನು ಬಿಡುವುದಕ್ಕೆ ಕಾರಣ ಹೇಳುವುದೇ ಇತಿಹಾಸಕಾರನ ಕೆಲಸ.

ದೇವದತ್ತ ರಾಮಕೃಷ್ಣ ಭಾಂಡಾರಕರರು ಈ ವಾದವನ್ನು ಪರೀಕ್ಷಿಸಿದಾಗ ಅವರಿಗೆ ನೆರವಾದುವು ಎರಡು ಹಳೆಯ ಶಾಸನಗಳು. ಹೇಮಾವತಿಯ 943ರ ಕನ್ನಡ ಶಾಸನವು, ತನ್ನ ಹೆಸರೂ ಸಿದ್ಧಾಂತವೂ ಮರೆತುಹೋದೀತೆಂದು ಲಕುಲೀಶನು ಮುನಿನಾಥ ಚಿಲ್ಲುಕನಾಗಿ ಮತ್ತೆ ಹುಟ್ಟಿದನೆಂದು ಹೇಳುತ್ತದೆ. ರಾಜಸ್ಥಾನದ ಏಕಲಿಂಗಜಿಯ 971ರ ಶಾಸನವು ದಂಡಧಾರಿಯಾದ ಶಿವಾವತಾರವನ್ನೂ ಕುಶಿಕಾದಿಗಳ ಪರಂಪರೆಯನ್ನೂ ಉಲ್ಲೇಖಿಸುತ್ತದೆ. ಬಳ್ಳಿಗಾವೆಯ ಪಂಡಿತನಿಗಿಂತ ಸುಮಾರು ಒಂದು ಶತಮಾನ ಹಿಂದೆಯೇ ಲಕುಲೀಶನು ಮರೆತುಹೋಗಬಹುದಾದಷ್ಟು ಹಳಬನಾಗಿದ್ದನು! ಬಾದಾಮಿ ಚಾಲುಕ್ಯರ ಕಾಲದ ಶಿಲ್ಪಗಳಲ್ಲಿ ಲಕುಲೀಶನ ಮೂರ್ತಿಯು ದೊರೆಯುವುದನ್ನು ನೆನೆದರೆ ವಿವಾದಕ್ಕೆ ಅವಕಾಶವೇ ಉಳಿಯುವುದಿಲ್ಲ.

ಇಷ್ಟರಿಂದ ಲಕುಲೀಶನು 1035ರವನಲ್ಲವೆಂದು ಸಿದ್ಧವಾಯಿತೇ ಹೊರತು ಅವನು ನಿಜವಾಗಿ ಇದ್ದನೆಂದು ಸಿದ್ಧವಾಗಲಿಲ್ಲ. ಆ ದಿಕ್ಕಿನಲ್ಲಿ ಮಹತ್ತ್ವದ ಸಾಕ್ಷ್ಯವು ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಬೆಳಕಿಗೆ ಬಂದ ಮಥುರೆಯ ಸ್ತಂಭಶಾಸನ. ಅದು ಗುಪ್ತಚಕ್ರವರ್ತಿ ಎರಡನೆಯ ಚಂದ್ರಗುಪ್ತನ ಕಾಲದ್ದು. ಗುಪ್ತ ಸಂವತ್ 61, ಎಂದರೆ ಕ್ರಿ. ಶ. 380. ಉದಿತಾಚಾರ್ಯನೆಂಬ ಶೈವಗುರುವು ತನ್ನ ಗುರುಗಳ ನೆನಪಿಗಾಗಿ ಮಾಡಿದ ಪ್ರತಿಷ್ಠೆಯ ವಿಚಾರವನ್ನು ಹೇಳುತ್ತ, ಅವನು ಭಗವಾನ್ ಕುಶಿಕನಿಂದ ಹತ್ತನೆಯವನೆಂದು ಎಣಿಸುತ್ತದೆ. ಇದನ್ನು ಪ್ರಕಟಿಸಿದ ಭಾಂಡಾರಕರರು ತಲೆಮಾರಿಗೆ ಇಪ್ಪತ್ತೈದು ವರ್ಷಗಳಂತೆ ಲೆಕ್ಕ ಹಾಕಿ ಲಕುಲೀಶನನ್ನು ಎರಡನೆಯ ಶತಮಾನದ ಪೂರ್ವಾರ್ಧದಲ್ಲಿ ಇರಿಸಿದರು. ಅಂದಿನಿಂದ ಪಠ್ಯಪುಸ್ತಕಗಳಲ್ಲೆಲ್ಲ ಇದೇ ಕಾಲವು ನಿಂತುಬಿಟ್ಟಿದೆ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯಕ. ಗುರುಪರಂಪರೆಯ ತಲೆಮಾರು ವಂಶದ ತಲೆಮಾರಲ್ಲ. ಶಿಷ್ಯನು ಗುರುವಿಗಿಂತ ಐದೇ ವರ್ಷ ಕಿರಿಯನಿರಬಹುದು, ಐವತ್ತು ವರ್ಷ ಕಿರಿಯನೂ ಇರಬಹುದು. ತಲೆಗೆ ಇಪ್ಪತ್ತೇ ವರ್ಷವೆಂದು ಹಿಡಿದರೆ ಹತ್ತು ತಲೆಗೆ ಇನ್ನೂರು ವರ್ಷಗಳಾಗಿ ಕಾಲವು 180ರ ಸುಮಾರಿಗೆ ಇಳಿಯುತ್ತದೆ. ಆದುದರಿಂದ ಎರಡನೆಯ ಶತಮಾನವೆಂದು ಹೇಳಿ ನಿಲ್ಲುವುದು ಲೇಸು. ಎರಡನೆಯ ಎಚ್ಚರಿಕೆ ಇದಕ್ಕಿಂತ ಗಂಭೀರವಾದುದು. ಮಥುರೆಯ ಸ್ತಂಭದ ಬರಹವು ಹೆಸರಿಸುವುದು ಕುಶಿಕನನ್ನು. ಲಕುಲೀಶನ ಹೆಸರು ಅದರಲ್ಲಿಲ್ಲ. ಸ್ತಂಭದ ಮೇಲೆ ದಂಡಧಾರಿಯಾದ ಮೂರ್ತಿಯೊಂದಿದೆ, ಅಷ್ಟೆ. ಪಾಶುಪತಸೂತ್ರಗಳಿಗೆ ಭಾಷ್ಯವನ್ನು ಬರೆದ ಕೌಂಡಿನ್ಯನೂ, ಭಗವಂತನು ಬ್ರಾಹ್ಮಣಶರೀರವನ್ನು ಧರಿಸಿ ಕಾಯಾವತರಣದಲ್ಲಿ ಇಳಿದು, ಉಜ್ಜಯಿನಿಗೆ ಕಾಲ್ನಡೆಯಲ್ಲಿ ಬಂದು, ಕುಶಿಕನಿಗೆ ಉಪದೇಶಿಸಿದನೆಂದು ಹೇಳುತ್ತಾನೆಯೇ ಹೊರತು ಲಕುಲೀಶನೆಂಬ ಹೆಸರನ್ನು ಎತ್ತುವುದಿಲ್ಲ. ಈ ಭಾಷ್ಯವು 1940ರಲ್ಲಿ ತಿರುವನಂತಪುರದಿಂದ ಅಚ್ಚಾಗುವವರೆಗೆ ವಿದ್ವಾಂಸರಿಗೆ ದೊರೆತಿರಲಿಲ್ಲ.

ಹಾಗಾದರೆ ನಮಗೆ ಉಳಿಯುವುದೇನು? ಕುಶಿಕನು ಐತಿಹಾಸಿಕ ವ್ಯಕ್ತಿಯೆಂಬುದಕ್ಕೆ ಬಲವಾದ ಆಧಾರವಿದೆ. ಹತ್ತು ತಲೆಗಳ ಸ್ಮರಣೆಯನ್ನು ಒಂದು ಗುರುಕುಲವು ಉಳಿಸಿಕೊಳ್ಳುವುದು ಅಸಂಭವವಲ್ಲ. ಕುಶಿಕನಿಗೆ ಒಬ್ಬ ಗುರುವಿದ್ದನೆಂದು ಅವನ ಪರಂಪರೆಯವರು ನಂಬಿದ್ದರು. ಆ ಗುರುವು ಶಿವನೇ ಎಂದು ಅವರು ತಿಳಿದಿದ್ದುದರಿಂದ ಅವನ ಮಾನುಷ ನಾಮಧೇಯವು ಅವರಿಗೆ ಮುಖ್ಯವೆನಿಸಲಿಲ್ಲ. ‘ಲಕುಲೀಶ’ ಎಂಬುದು ಅವನ ಕೈಯ ದಂಡದಿಂದ ಬಂದ ಬಿರುದಾಗಿರುವುದೇ ಹೆಚ್ಚು ಸಂಭವ. ಸಂಸ್ಥಾಪಕನು ಇದ್ದನು, ಆದರೆ ಅವನ ಹೆಸರು ನಮಗೆ ಉಳಿದುಬಂದಿಲ್ಲ ಎಂಬ ತೀರ್ಮಾನವು ಭಕ್ತನಿಗೂ ಸಂಶಯವಾದಿಗೂ ರುಚಿಸದಿರಬಹುದು. ಸಾಕ್ಷ್ಯವು ನಮ್ಮನ್ನು ಒಯ್ಯುವುದು ಅಲ್ಲಿಯವರೆಗೆ ಮಾತ್ರ.

ಇನ್ನು ಅಬ್ಬಲೂರಿನ ಪ್ರಸಂಗ. ಇಲ್ಲಿಯ ಸೋಮೇಶ್ವರ ದೇವಾಲಯದಲ್ಲಿ ಸುಮಾರು 1200ರ ದೀರ್ಘಶಾಸನವೊಂದಿದೆ. ಆಳಂದೆಯ ಬ್ರಾಹ್ಮಣ ಪುರುಷೋತ್ತಮಭಟ್ಟನ ಮಗನಾದ ರಾಮಯ್ಯನು ಶಿವನಲ್ಲಿ ಏಕಾಂತ ಭಕ್ತಿಯನ್ನಿರಿಸಿ ಏಕಾಂತದ ರಾಮಯ್ಯನೆನಿಸಿದುದು, ಹುಲಿಗೆರೆಯ ಸೋಮನಾಥನ ಅಪ್ಪಣೆಯಂತೆ ಅಬ್ಬಲೂರಿಗೆ ಬಂದುದು, ಅಲ್ಲಿ ಸಂಕಗಾವುಂಡನೇ ಮೊದಲಾದ ಜೈನರೊಡನೆ ವಾದಕ್ಕಿಳಿದು ತನ್ನ ತಲೆಯನ್ನೇ ಕತ್ತರಿಸಿ ಶಿವನಿಗೊಪ್ಪಿಸಿದುದು, ಏಳನೆಯ ದಿನ ತಲೆ ಕೂಡಿಕೊಂಡುದು, ಜೈನರು ಮಾತಿಗೆ ತಪ್ಪಲು ಜಿನಮೂರ್ತಿಯನ್ನು ಕಿತ್ತು ವೀರಸೋಮನಾಥನನ್ನು ಸ್ಥಾಪಿಸಿದುದು, ದೂರು ಬಿಜ್ಜಳನ ಸಭೆಗೆ ಹೋಗಿ ರಾಮಯ್ಯನು ಜಯಪತ್ರವನ್ನು ಪಡೆದುದು ಎಲ್ಲವೂ ಅದರಲ್ಲಿ ವಿಸ್ತಾರವಾಗಿ ವರ್ಣಿತವಾಗಿವೆ. ದೇವಾಲಯದ ಶಿಲ್ಪಗಳಲ್ಲಿಯೂ ಈ ಪ್ರಸಂಗವನ್ನು ಕೆತ್ತಿ ವಿವರದ ಅಕ್ಷರಗಳನ್ನು ಬರೆಯಲಾಗಿದೆ. ಬಿಜ್ಜಳನು ಗೋಗಾವೆಯನ್ನೂ, ಚಾಲುಕ್ಯ ನಾಲ್ಕನೆಯ ಸೋಮೇಶ್ವರನು ಅಬ್ಬಲೂರನ್ನೂ, ಹಾನುಂಗಲ್ಲ ಕದಂಬ ಕಾಮದೇವನು ಮಲ್ಲವಳ್ಳಿಯನ್ನೂ ದತ್ತಿಯಾಗಿ ಕೊಟ್ಟರೆಂದು ಶಾಸನವು ತಿಳಿಸುತ್ತದೆ.

ಫ್ಲೀಟರು ಈ ಶಾಸನವನ್ನು ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ಪ್ರಕಟಿಸಿದರು. ಹನ್ನೆರಡನೆಯ ಶತಮಾನದ ಶೈವ ಪುನರುತ್ಥಾನಕ್ಕೆ ಬಸವಣ್ಣನವರು ಕಾರಣರೆಂಬುದನ್ನು ಅವರು ಅಲ್ಲಿ ಶಂಕಿಸಿದರು. ಬಸವಪುರಾಣಾದಿಗಳು ಈಚಿನವು, ಪವಾಡಮಯವಾದುವು. ಸಮಕಾಲೀನ ಶಾಸನಗಳಲ್ಲಿ ಬಸವಣ್ಣನವರ ಹೆಸರು ದೊರೆತಿಲ್ಲ. ಏಕಾಂತದ ರಾಮಯ್ಯನಿಗಾದರೋ ಶಿಲಾಸಾಕ್ಷ್ಯವಿದೆ. ಆದುದರಿಂದ ನಿಜವಾದ ನಾಯಕನು ರಾಮಯ್ಯನೇ ಇರಬೇಕು ಎಂಬುದು ಅವರ ತರ್ಕದ ಸಾರ. ಈ ಮಾತು ಕನ್ನಡನಾಡಿನಲ್ಲಿ ಎಷ್ಟು ನೋವನ್ನೂ ಎಷ್ಟು ಸಂಶೋಧನೆಯನ್ನೂ ಹುಟ್ಟಿಸಿತೆಂಬುದು ತಿಳಿದ ವಿಷಯ. ನೋವನ್ನು ಬದಿಗಿಟ್ಟು ತರ್ಕವನ್ನು ನೋಡೋಣ. ಅದರ ಮೊದಲ ಭಾಗವು ನಿರ್ದುಷ್ಟವಾಗಿದೆ. ಪುರಾಣವನ್ನು ಹಾಗೆಯೇ ಚರಿತ್ರೆಯೆಂದು ಸ್ವೀಕರಿಸಲಾಗದೆಂದೂ ಕಾಲದಿಂದ ಸಮೀಪವಾದ ಆಧಾರವು ಬೇಕೆಂದೂ ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ದೋಷವಿರುವುದು ಮೌನದಿಂದ ಅಭಾವಕ್ಕೆ ಹಾರಿದ ಹೆಜ್ಜೆಯಲ್ಲಿ.

ಮೌನವು ಯಾವಾಗ ಸಾಕ್ಷ್ಯವಾಗುತ್ತದೆ? ಮಾತನಾಡಲೇಬೇಕಾಗಿದ್ದವನು ಸುಮ್ಮನಿದ್ದಾಗ. ಶಾಸನವೆಂಬುದು ಹೆಚ್ಚಾಗಿ ದಾನದ ಪತ್ರ. ಗುಡಿ ಕಟ್ಟಿಸಿದವನು, ಭೂಮಿಯನ್ನು ಬಿಟ್ಟವನು, ಅದನ್ನು ಕಾಲು ತೊಳೆದು ಪಡೆದ ಆಚಾರ್ಯನು, ಅನುಮತಿಯಿತ್ತ ಅರಸನು, ಇವರು ಕಲ್ಲಿನಲ್ಲಿ ಉಳಿಯುತ್ತಾರೆ. ರಾಮಯ್ಯನು ಗುಡಿಯನ್ನು ಸ್ಥಾಪಿಸಿದನು, ಊರುಗಳನ್ನು ಪಡೆದನು, ಕಲ್ಲಿನಲ್ಲಿ ಉಳಿದನು. ಸ್ಥಾವರಲಿಂಗದ ಪೂಜೆಯನ್ನು ಬಿಟ್ಟು ಇಷ್ಟಲಿಂಗವನ್ನು ಎದೆಗೇರಿಸಿದ ಶರಣರು ಯಾವ ದೇವಾಲಯದ ದತ್ತಿಪತ್ರದಲ್ಲಿ ಕಾಣಿಸಿಕೊಳ್ಳಬೇಕು? 1162ರಲ್ಲಿ ಬಿಜ್ಜಳನು ಬಳ್ಳಿಗಾವೆಯಲ್ಲಿ ಬೀಡುಬಿಟ್ಟಿದ್ದಾಗ ಕೇದಾರೇಶ್ವರಕ್ಕೆ ಕೊಟ್ಟ ದತ್ತಿಯ ಶಾಸನದಲ್ಲಿ ಬಸವಣ್ಣನವರ ಹೆಸರಿಲ್ಲವೆಂದು ಆಶ್ಚರ್ಯಪಡಬೇಕಾಗಿಲ್ಲ; ಅದು ಕಾಳಾಮುಖರ ಮಠದ ಆಸ್ತಿಯ ಕಾಗದ. ಶಾಸನಗಳನ್ನು ಮಾತ್ರ ಆಧರಿಸಿ ಹನ್ನೆರಡನೆಯ ಶತಮಾನದ ಮತಚರಿತ್ರೆಯನ್ನು ಬರೆದರೆ ಅದು ಗುಡಿ ಕಟ್ಟಿದವರ ಚರಿತ್ರೆಯಾದೀತು. ಶಾಸನಪ್ರೇಮಿಗಳಾದ ನಮ್ಮಂಥವರು ಇದನ್ನು ಆಗಾಗ್ಗೆ ಮರೆಯುತ್ತೇವೆ.

ಫ್ಲೀಟರ ಬೇಡಿಕೆಗೆ ಉತ್ತರವು ಕೊನೆಗೆ ಒಂದು ಶಾಸನದಿಂದಲೇ ದೊರೆಯಿತು. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿ ಶಕ 1182ರ, ಎಂದರೆ 1260ರ, ಯಾದವ ಕನ್ನರನ ಕಾಲದ ಶಾಸನವು ತರ್ದವಾಡಿ ನಾಡಿನ ಬಾಗೇವಾಡಿಯನ್ನೂ, ಅಲ್ಲಿಯ ಮಾದಿರಾಜನನ್ನೂ, ಅವನ ಮಗನಾದ ಸಂಗನ ಬಸವನನ್ನೂ, ಬಸವನ ಅಣ್ಣನಾದ ದೇವರಾಜ ಮುನಿಪನನ್ನೂ, ಆ ವಂಶದಲ್ಲಿ ಬಂದ ಹಾಲಬಸವಿದೇವನನ್ನೂ ಹೆಸರಿಸುತ್ತದೆ. ಬಸವಣ್ಣನವರ ಅಂತ್ಯಕ್ಕೂ ಈ ಶಾಸನಕ್ಕೂ ನಡುವೆ ತೊಂಬತ್ತಕ್ಕೂ ಮಿಕ್ಕ ವರ್ಷಗಳ ಅಂತರವಿದೆ. ಇದನ್ನು ಬರೆಸಿದವರಿಗೆ ಸ್ವಾರ್ಥವೂ ಇತ್ತು. ದತ್ತಿಯನ್ನು ಪಡೆದವನು ತನ್ನ ಕುಲದ ಹಿರಿಮೆಯನ್ನು ಸಾರಿಕೊಳ್ಳುತ್ತಿದ್ದಾನೆ. ಹೀಗಿದ್ದರೂ ಇದು ಹೇಗೆ ಪ್ರಮಾಣವಾಗುತ್ತದೆ? ಸ್ವಾರ್ಥವು ಬಂಧುತ್ವವನ್ನು ಸೃಷ್ಟಿಸಬಲ್ಲದು, ಬಂಧುವಿನ ಕೀರ್ತಿಯನ್ನು ಸೃಷ್ಟಿಸಲಾರದು. ಹಾಲಬಸವಿದೇವನು ನಿಜವಾಗಿ ಆ ಕುಲದವನೋ ಅಲ್ಲವೋ ಎಂದು ಬೇಕಾದರೆ ಶಂಕಿಸೋಣ. ಆದರೆ ಬಾಗೇವಾಡಿಯ ಮಾದಿರಾಜನ ಮಗ ಬಸವನೆಂದರೆ ಯಾರೆಂದು 1260ರ ಸಭೆಗೆ ತಿಳಿಯದಿದ್ದರೆ ಅವನ ಅಣ್ಣನ ವಂಶದವನೆಂದು ಹೇಳಿಕೊಂಡು ಯಾವ ಲಾಭವೂ ಇರಲಿಲ್ಲ. ಊರು, ತಂದೆಯ ಹೆಸರುಗಳು ಹರಿಹರನ ರಗಳೆಯೊಡನೆ ಹೊಂದಿಕೊಳ್ಳುತ್ತವೆ. ಅದೇ ಶತಮಾನದಲ್ಲಿ ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ಬಸವಪುರಾಣವನ್ನು ಬರೆದನು. ಇವೆಲ್ಲಕ್ಕಿಂತ ಹೆಚ್ಚಾಗಿ, ಬೇರೆ ಬೇರೆ ಅಂಕಿತಗಳ ಶರಣರು ತಮ್ಮ ವಚನಗಳಲ್ಲಿ ಅವರನ್ನು ನೆನೆಯುತ್ತಾರೆ. ಒಂದನ್ನೊಂದು ನೋಡಿ ಬರೆದ ಸಾಕ್ಷ್ಯಗಳು ಎಷ್ಟಿದ್ದರೂ ಒಂದೇ, ಇಲ್ಲಿ ಹಾಗಲ್ಲ.

ಏಕಾಂತದ ರಾಮಯ್ಯನ ಶಾಸನಕ್ಕೆ ಮತ್ತೊಮ್ಮೆ ಬರೋಣ. ಘಟನೆಗೂ ಬರಹಕ್ಕೂ ಅಂತರವು ಮೂವತ್ತು ನಲವತ್ತು ವರ್ಷಗಳಿಗೆ ಮಿಕ್ಕಿಲ್ಲ. ರಾಮಯ್ಯನನ್ನು ಕಣ್ಣಾರೆ ಕಂಡವರು ಆಗ ಅಬ್ಬಲೂರಿನಲ್ಲಿ ಬದುಕಿದ್ದಿರಬೇಕು. ಇಷ್ಟಾಗಿಯೂ ಕತ್ತರಿಸಿದ ತಲೆಯು ಏಳು ದಿನಗಳ ಮೇಲೆ ಕೂಡಿಕೊಂಡಿತೆಂದು ಶಿಲೆಯು ನಿಸ್ಸಂಕೋಚವಾಗಿ ಹೇಳುತ್ತದೆ. ಪವಾಡವು ಬೆಳೆಯುವುದಕ್ಕೆ ಶತಮಾನಗಳು ಬೇಕೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅಬ್ಬಲೂರಿನ ಕಲ್ಲು ಅದನ್ನು ಸುಳ್ಳು ಮಾಡಿದೆ. ಒಂದು ತಲೆಮಾರು ಸಾಕು. ಪವಾಡವಿದೆಯೆಂಬ ಕಾರಣದಿಂದ ಬಸವಪುರಾಣದ ನಾಯಕನನ್ನು ಶಂಕಿಸುವವರು ಅದೇ ಕಾರಣದಿಂದ ರಾಮಯ್ಯನನ್ನೂ ಶಂಕಿಸಬೇಕಾಗುತ್ತದೆ. ಫ್ಲೀಟರು ಹಾಗೆ ಮಾಡಲಿಲ್ಲ. ಕಲ್ಲಿನ ಪವಾಡಕ್ಕೂ ಓಲೆಯ ಪವಾಡಕ್ಕೂ ಅವರು ಬೇರೆ ಬೇರೆ ಅಳತೆಗೋಲನ್ನು ಹಿಡಿದರು.

ರಾಮಯ್ಯನು 1160ರ ದಶಕದಲ್ಲಿ ಇದ್ದನು, ಅಬ್ಬಲೂರಿನಲ್ಲಿ ಜೈನರಿಗೂ ಶೈವರಿಗೂ ಒಂದು ಬಸದಿಯ ಸ್ಥಳಕ್ಕಾಗಿ ವ್ಯಾಜ್ಯವಾಯಿತು, ಅರಸನು ಶೈವರ ಪಕ್ಷದಲ್ಲಿ ತೀರ್ಪಿತ್ತನು, ಮೂವರು ಪ್ರಭುಗಳು ದತ್ತಿಯಿತ್ತರು, ಇಷ್ಟನ್ನು ನಂಬಬಹುದು. ಈ ವ್ಯಾಜ್ಯವನ್ನು ಹಿಡಿದು ಇಡೀ ಬನವಾಸಿ ನಾಡಿನ ಮತಜೀವನವನ್ನು ಕಲಹಮಯವೆಂದು ಚಿತ್ರಿಸುವುದು ಮಾತ್ರ ಸಲ್ಲದು. ಕುಬಟೂರಿನ 1075ರ ಶಾಸನವನ್ನು ಅದರ ಪಕ್ಕದಲ್ಲಿಟ್ಟು ಓದಬೇಕು. ಮಾಳಲದೇವಿಯು ಕುಪ್ಪಟೂರಿನಲ್ಲಿ ಪಾರ್ಶ್ವದೇವ ಚೈತ್ಯಾಲಯವನ್ನು ಮಾಡಿಸಿ ಪದ್ಮನಂದಿ ಸಿದ್ಧಾಂತದೇವರಿಂದ ಪ್ರತಿಷ್ಠೆ ನಡೆಸಿದಾಗ ಅಗ್ರಹಾರದ ಬ್ರಾಹ್ಮಣರು ತಾವೇ ಅದಕ್ಕೆ ‘ಬ್ರಹ್ಮಜಿನಾಲಯ’ವೆಂಬ ಹೆಸರನ್ನಿಟ್ಟರು, ಅಲ್ಲಿಯ ಕೋಟೀಶ್ವರ ಮೊದಲಾದ ದೇವಾಲಯಗಳ ಆಚಾರ್ಯರೂ ಬನವಾಸಿಯ ಮಧುಕೇಶ್ವರದ ಆಚಾರ್ಯರೂ ಆ ಸಂದರ್ಭದಲ್ಲಿ ಗೌರವವನ್ನು ಪಡೆದರು. ಸ್ವಾರಸ್ಯವೇನೆಂದರೆ, ಅಂದಿನ ಕೋಟೀಶ್ವರನು ಇಂದು ಕೈಟಭೇಶ್ವರನೆನಿಸಿದ್ದಾನೆ. ಶಾಸನವು ಉಳಿಯದೆ ಹೋಗಿದ್ದರೆ ಮಧುಕೈಟಭರ ಕಥೆಯನ್ನು ಹಿಡಿದು ಆ ಗುಡಿಯ ಮೂಲವನ್ನು ಯಾರಾದರೂ ಗಂಭೀರವಾಗಿ ನಿರೂಪಿಸದಿರುತ್ತಿದ್ದರೆ?

ಬಳ್ಳಿಗಾವೆಗೆ ಸಂಬಂಧಪಟ್ಟ ಮೂರನೆಯ ಮಹಾಪುರುಷರನ್ನು ಕುರಿತು ಎರಡು ಮಾತು ಹೇಳಬೇಕಾಗಿದೆ. ಅಲ್ಲಮಪ್ರಭುಗಳು ಬಳ್ಳಿಗಾವೆಯವರೆಂಬುದು ಏಕಮತವಾದ ಸಂಪ್ರದಾಯ. ಇಲ್ಲಿ ಶಿಲೆಯನ್ನು ಬಿಟ್ಟು ಕಾವ್ಯಗಳನ್ನೇ ತೂಗಿ ನೋಡಬೇಕಾಗುತ್ತದೆ. ಹಾಗೆ ತೂಗಲು ಸಾಧ್ಯವೂ ಇದೆ. ಹರಿಹರನ ಪ್ರಭುದೇವರ ರಗಳೆಯಲ್ಲಿ ಅಲ್ಲಮನು ಮದ್ದಳೆ ಬಾರಿಸುವ ತರುಣ. ಕಮಲತೆಯೆಂಬವಳನ್ನು ಪ್ರೀತಿಸಿ ಮದುವೆಯಾಗುತ್ತಾನೆ. ಅವಳು ಜ್ವರದಿಂದ ತೀರಿಕೊಂಡಾಗ ದುಃಖದಿಂದ ಅಲೆದಾಡುತ್ತಾನೆ. ಹೂತುಹೋದ ಗುಡಿಯೊಳಗೆ ಅನಿಮಿಷಯ್ಯನನ್ನು ಕಂಡು ಲಿಂಗವನ್ನು ಪಡೆಯುತ್ತಾನೆ. ಹದಿನೈದನೆಯ ಶತಮಾನದ ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಇದೆಲ್ಲ ಬದಲಾಗಿದೆ. ಅಲ್ಲಿ ಪ್ರಭುವು ಮಾಯೆಗೆ ಸೋಲುವುದೇ ಇಲ್ಲ. ತಂದೆಯ ಹೆಸರು ನಿರಹಂಕಾರ, ತಾಯಿ ಸುಜ್ಞಾನಿ, ಮಾಯೆಯ ತಂದೆ ಮಮಕಾರ. ಹೆಸರುಗಳೇ ತತ್ತ್ವಗಳಾದಲ್ಲಿ ಚರಿತ್ರೆಯನ್ನು ಹುಡುಕುವುದು ವ್ಯರ್ಥ. ಕವಿಯೂ ಅದನ್ನು ಬರೆಯಲು ಹೊರಟಿರಲಿಲ್ಲ.

ಇವೆರಡರಲ್ಲಿ ಹರಿಹರನ ಕಥನವು ಹಳೆಯದೆಂಬ ಕಾರಣಕ್ಕೆ ಮಾತ್ರ ಹೆಚ್ಚು ಗ್ರಾಹ್ಯವಲ್ಲ. ಅದರಲ್ಲಿ ಭಕ್ತಿಗೆ ಮುಜುಗರವನ್ನುಂಟುಮಾಡುವ ಸಂಗತಿಯಿದೆ. ಶೂನ್ಯಪೀಠದ ಅಧ್ಯಕ್ಷರೆಂದು ಆರಾಧಿತರಾದವರು ಹೆಂಡತಿಯ ಸಾವಿಗಾಗಿ ಹುಚ್ಚನಂತೆ ಅಲೆದರೆಂದು ಯಾವ ಭಕ್ತನು ಹೊಸದಾಗಿ ಕಲ್ಪಿಸುತ್ತಾನೆ? ಈಚಿನ ಕವಿಗಳಿಗೆ ಅದು ಅಸಹ್ಯವೆನಿಸಿ ತಿದ್ದಿಕೊಂಡರೆಂಬುದೇ ಅದು ಮೊದಲಿನಿಂದ ಇದ್ದ ಮಾತೆಂಬುದಕ್ಕೆ ಗುರುತು. ಹರಿಹರನ ರಗಳೆಯಲ್ಲಿಯೂ ಕೈಲಾಸದ ಪೂರ್ವಕಥೆಯುಂಟು, ಅದನ್ನು ಬದಿಗಿಡಬೇಕು. ಬಳ್ಳಿಗಾವೆ, ಮದ್ದಳೆ, ಮದುವೆ, ಹೆಂಡತಿಯ ಮರಣ, ಅನಿಮಿಷನೆಂಬ ಗುರು, ಇಷ್ಟು ಉಳಿಯುತ್ತವೆ. ದೇವದಾಸಿಯರೂ ವಾದ್ಯಗಾರರೂ ಇದ್ದ ದೊಡ್ಡ ದೇವಾಲಯಗಳ ಊರಿನಲ್ಲಿ ಮದ್ದಳೆಗಾರನೊಬ್ಬನು ಹುಟ್ಟಿದುದು ಶಾಸನಗಳು ತೋರಿಸುವ ಬಳ್ಳಿಗಾವೆಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ಒಪ್ಪುವುದು ಬೇರೆ, ಸಿದ್ಧವಾಗುವುದು ಬೇರೆ. ಅವರ ಕಾಲವನ್ನು ನಾವು ನಿರ್ಣಯಿಸುತ್ತಿರುವುದು ಬಸವಣ್ಣನವರ ಸಮಕಾಲೀನರೆಂಬ ವಚನಗಳ ಸಾಕ್ಷ್ಯದಿಂದ. ಆದುದರಿಂದ ಅರ್ಜುನವಾಡದ ಕಲ್ಲು ಬಾಗೇವಾಡಿಯ ಬಸವಣ್ಣನವರಿಗೆ ಎಷ್ಟು ಆಧಾರವೋ, ಪರೋಕ್ಷವಾಗಿ ಬಳ್ಳಿಗಾವೆಯ ಮದ್ದಳೆಗಾರನಿಗೂ ಅಷ್ಟೇ ಆಧಾರವಾಗಿದೆ.